ಮನೆವಾರ್ತೆ: ಕೆಲಸದ ಚೀಟಿ



ಮಾಡಬೇಕಾದ ಕೆಲಸಗಳನ್ನು ಫೋನಿನಲ್ಲಿ ಬರೆದಿಡಲು ಯಾವ ಆ್ಯಪ್ ಒಳ್ಳೆಯದು ಎಂದು ಸಂಘದ ಕೂಟಗಳಲ್ಲಿ ಹಲವರು ಕೇಳುವುದುಂಟು. ಈ ಸಲದ ಅಂಕಣ ಅದಕ್ಕೇ ಮೀಸಲು. ನಮ್ಮ ಅಜ್ಜಿಯಂದಿರಿಗೆ ಸೆರಗಿನ ತುದಿಯ ಒಂದು ಗಂಟು ಸಾಕಾಗಿತ್ತು. ಗಂಟು ಹಾಕಿದ್ದು ಯಾತಕ್ಕೆಂಬುದೇ ಮರೆತುಹೋದಾಗ ಮನೆಮಂದಿಯೆಲ್ಲ ಕೂತು ಯೋಚಿಸಬೇಕಾಗುತ್ತಿತ್ತು, ಆ ಮಾತು ಬೇರೆ!

ಈಗಿನ ಆ್ಯಪ್‌ಗಳಲ್ಲಿ ಎರಡು ಜಾತಿ. ಬಣ್ಣ, ಗಂಟೆ, ವಿಭಾಗ, ಉಪವಿಭಾಗ ಎಂದು ಒಂದು ಕಚೇರಿಯನ್ನೇ ಹೊತ್ತು ತರುವವು ಕೆಲವು. ಬರೀ ಖಾಲಿ ಹಾಳೆ, ಬರೆ, ಮುಗಿದರೆ ಹೊಡೆದುಹಾಕು ಎನ್ನುವವು ಇನ್ನು ಕೆಲವು. ನನ್ನ ಒಲವು ಎರಡನೆಯದರ ಕಡೆಗೆ. ಪಟ್ಟಿಯನ್ನು ಸಿಂಗರಿಸುವುದರಲ್ಲೇ ಅರ್ಧ ಗಂಟೆ ಹೋದರೆ ಕೆಲಸ ಮಾಡುವುದು ಯಾವಾಗ?

ಇನ್ನೊಂದು ಕಾರಣವೂ ಇದೆ. ನಮ್ಮ ಬರ್ಲಿನ್ನಿನಲ್ಲೇ ಹುಟ್ಟಿದ ವುಂಡರ್‌ಲಿಸ್ಟ್ ಹಲವರಿಗೆ ನೆನಪಿರಬಹುದು. 2015ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2020ರ ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟಿತು. ಬಳಸುತ್ತಿದ್ದವರೆಲ್ಲ ತಮ್ಮ ಪಟ್ಟಿಗಳನ್ನು ಗಂಟುಮೂಟೆ ಕಟ್ಟಿ ಬೇರೆಡೆಗೆ ಸಾಗಿಸಬೇಕಾಯಿತು. ಅಮೆರಿಕದ ಜೀನಾ ಟ್ರಪಾನಿ 2006ರಲ್ಲಿ ಶುರು ಮಾಡಿದ ಟುಡೂ.ಟಿಎಕ್ಸ್‌ಟಿ ಪದ್ಧತಿಗೆ ಈ ಭಯವಿಲ್ಲ. ಸಾದಾ ಅಕ್ಷರದ ಒಂದು ಕಡತ, ಸಾಲಿಗೊಂದು ಕೆಲಸ, ತುರ್ತಿನದಕ್ಕೆ ಮೊದಲು ‘ಎ’, ಮುಗಿದರೆ ಸಾಲಿನ ಆರಂಭದಲ್ಲಿ ‘ಎಕ್ಸ್’. ಯಾವ ಕಂಪನಿ ಬಾಗಿಲು ಹಾಕಿದರೂ ಆ ಕಡತ ತೆರೆದೀತು.

ಆದರೆ ಖಾಲಿ ಹಾಳೆಯನ್ನು ನಂಬಿ ಕೆಡುವ ಜಾಗವೂ ಉಂಟು. ಅದು ತಾರೀಖಿನ ಕೆಲಸ. ‘ಹಾಲು’, ‘ಮಗುವಿನ ಪಾಸ್‌ಪೋರ್ಟ್’ ಎರಡೂ ಒಂದೇ ಪಟ್ಟಿಯಲ್ಲಿದ್ದರೆ ದಿನವೂ ಹಾಲು ಬರುತ್ತದೆ, ಪಾಸ್‌ಪೋರ್ಟ್ ಅಲ್ಲೇ ಕೂತಿರುತ್ತದೆ. ದೊಡ್ಡವರ ಭಾರತೀಯ ಪಾಸ್‌ಪೋರ್ಟಿಗೆ 10 ವರ್ಷ, ಚಿಕ್ಕ ಮಕ್ಕಳದಕ್ಕೆ 5 ವರ್ಷ ಅವಧಿ. ನಿಮ್ಮದು ಇನ್ನೂ ಇದೆ ಎಂದು ನಿಶ್ಚಿಂತೆಯಿಂದಿರುವಾಗಲೇ ಮಗುವಿನದು ಮುಗಿದಿರುತ್ತದೆ. ಊರಿನಲ್ಲಿರುವ ತಂದೆತಾಯಿಗಳ ಸರಕಾರಿ ಪಿಂಚಣಿಯದೂ ಹೀಗೆಯೇ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರಿಂದ ಆಧಾರ್ ಮೂಲಕ ‘ಜೀವನ್ ಪ್ರಮಾಣ್’ ಸೌಲಭ್ಯವಿದೆ, ಆದರೆ ನೆನಪಿಸಬೇಕಾದವರು ನಾವೇ. ನಾವಿಲ್ಲಿ ರಾಜ್ಯೋತ್ಸವದ ಗಡಿಬಿಡಿಯಲ್ಲಿರುವ ತಿಂಗಳೇ ಅದು! ಇಂಥವನ್ನು ಪಟ್ಟಿಗೆ ಸೇರಿಸದೆ ಕ್ಯಾಲೆಂಡರಿಗೆ ಹಾಕಿ. ಪಾಸ್‌ಪೋರ್ಟಿಗೆ ಆರು ತಿಂಗಳು ಮೊದಲು, ಪಿಂಚಣಿಗೆ ಅಕ್ಟೋಬರಿನಲ್ಲೇ ಗಂಟೆ ಬಾರಿಸಲಿ.

ಇನ್ನು ದಿನದ ಪಟ್ಟಿಗೆ ಆರೇ ಸಾಲು, ಮುಖ್ಯವಾದದ್ದು ಮೊದಲು. ಅಮೆರಿಕದ ಉಕ್ಕಿನ ಕಾರ್ಖಾನೆಯ ಯಜಮಾನ ಚಾರ್ಲ್ಸ್ ಶ್ವಾಬ್‌ಗೆ ಐವಿ ಲೀ ಎಂಬಾತ ಈ ಉಪಾಯ ಹೇಳಿ 25,000 ಡಾಲರ್ ಪಡೆದನೆಂಬ ಕಥೆಯುಂಟು. ನಿಮಗೆ ಸಂಘ ಪುಕ್ಕಟೆ ಕೊಡುತ್ತಿದೆ.

ಯಜಮಾನರುಗಳಿಗೆ ಒಂದು ಮಾತು. ಮನೆಯ ಪಟ್ಟಿ ಶ್ರೀಮತಿಯವರ ಫೋನಿನಲ್ಲಷ್ಟೇ ಇದ್ದು, ನೀವು ‘ಏನು ತರಬೇಕು ಹೇಳು’ ಎನ್ನುತ್ತಿದ್ದರೆ, ನೆನಪಿಡುವ ಕೆಲಸ ಪೂರ್ತಿ ಅವರದೇ ಆಯಿತು. ಇಬ್ಬರೂ ತೆರೆಯಬಹುದಾದ ಪಟ್ಟಿ ಇಟ್ಟುಕೊಳ್ಳಿ. ಇಲ್ಲವೇ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ, ದಾರ ಕಟ್ಟಿದ ಪೆನ್ಸಿಲ್.

‘ಅಮ್ಮನಿಗೆ ಫೋನು’ ಎಂದು ಪಟ್ಟಿಯಲ್ಲಿ ಬರೆಯುವುದು ಸರಿಯೇ ಎಂದು ಒಬ್ಬರು ಸಂಕೋಚದಿಂದ ಕೇಳಿದರು. ಧಾರಾಳವಾಗಿ ಬರೆಯಿರಿ. ಭಾನುವಾರ ಇಲ್ಲಿನ ಹತ್ತು ಗಂಟೆಗೆ ಮಾಡಿದರೆ ಊರಿನಲ್ಲಿ ಊಟ ಮುಗಿದಿರುತ್ತದೆ.