ಡಿಜಿಟಲ್ ಸಿಗ್ನಲ್ ತಪ್ಪುವುದೇ ಇಲ್ಲವೇ? ‘ವ್ಯತ್ಯಾಸದ ಲೆಕ್ಕ’ ಏನು ಮಾಡುತ್ತದೆ?

“ಡಿಜಿಟಲ್ ಅಂದ್ರೆ ಬರೀ ಸೊನ್ನೆ, ಒಂದು. ಅದರಲ್ಲಿ ತಪ್ಪಾಗೋದೇ ಇಲ್ಲ” ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ. ಗಾಳಿಯಲ್ಲಿ ಸಾಗುವುದು ರೇಡಿಯೋ ಅಲೆ, ತಂತಿಯಲ್ಲಿ ಸಾಗುವುದು ವೋಲ್ಟೇಜ್. ಅಲೆಯ ಯಾವ ಸ್ಥಿತಿ ‘ಮೇಲೆ’, ಯಾವುದು ‘ಕೆಳಗೆ’ ಎಂದು ಪಡೆಯುವ ಸಾಧನ ತಾನೇ ಊಹಿಸಬೇಕಾಗುವುದುಂಟು. ಊಹೆ ತಪ್ಪಿದರೆ ಎಲ್ಲ ಸೊನ್ನೆಗಳೂ ಒಂದಾಗುತ್ತವೆ, ಒಂದುಗಳು ಸೊನ್ನೆಯಾಗುತ್ತವೆ!

ಕಾಲುವೆಯ ಉದಾಹರಣೆ

ಜವಳಗೇರಾ ಇರುವ ಸಿಂಧನೂರು ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಕಾಲುವೆಯ ಅಳತೆಪಟ್ಟಿಯಲ್ಲಿ ಸೊನ್ನೆಯ ಗುರುತೇ ತಪ್ಪು ಜಾಗದಲ್ಲಿದೆ ಎಂದುಕೊಳ್ಳಿ. ಆಗ ‘ನೀರು 4 ಅಡಿ ಇದೆ’ ಎಂಬುದನ್ನು ನಂಬುವಂತಿಲ್ಲ. ಆದರೆ ‘ನಿನ್ನೆಗಿಂತ ಅರ್ಧ ಅಡಿ ಏರಿದೆ’ ಎಂಬುದು ಸರಿಯಾಗಿಯೇ ಇರುತ್ತದೆ. ಡಿಫರೆನ್ಷಿಯಲ್ ಕೋಡಿಂಗ್ ಮಾಡುವುದೂ ಇದನ್ನೇ: ಸ್ಥಿತಿಯನ್ನು ಬಿಟ್ಟು ಬದಲಾವಣೆಯನ್ನು ಓದುವುದು.

ಹೇಗೆ?

ನಿಯಮ ಹೀಗಿರಲಿ: 1 ಎಂದರೆ ಬದಲಾಗು, 0 ಎಂದರೆ ಹಾಗೆಯೇ ಇರು. 1011 ಕಳಿಸಬೇಕು. ‘ಮೇಲೆ’ಯಿಂದ ಶುರುಮಾಡಿದರೆ ಮುಂದಿನ ನಾಲ್ಕು ಸ್ಥಿತಿಗಳು: ಕೆಳಗೆ, ಕೆಳಗೆ, ಮೇಲೆ, ಕೆಳಗೆ. ಇಡೀ ಸಾಲು ತಲೆಕೆಳಗಾಗಿ ತಲುಪಿತೆನ್ನಿ. ಆಗ ಶುರು ‘ಕೆಳಗೆ’. ಮುಂದೆ ಮೇಲೆ, ಮೇಲೆ, ಕೆಳಗೆ, ಮೇಲೆ. ಬದಲಾವಣೆಗಳನ್ನು ಎಣಿಸಿ ನೋಡಿ, ಮತ್ತೆ 1011!

ಎಲ್ಲಿದೆ ಇದು?

ನಿಮ್ಮ ಕೈಯಲ್ಲೇ. 2004ರಲ್ಲಿ ಬಂದ ಬ್ಲೂಟೂತ್ 2.0ರ ಹೆಚ್ಚಿನ ವೇಗದ ವಿಧಾನ (ಸೆಕೆಂಡಿಗೆ 2 ಮತ್ತು 3 ಮೆಗಾಬಿಟ್) ಅಲೆಯ ವ್ಯತ್ಯಾಸವನ್ನೇ ಓದುತ್ತದೆ. ಯುಎಸ್‌ಬಿ 2.0 ಕೇಬಲ್ಲಿನಲ್ಲೂ ಇದೇ ಉಪಾಯ. ಅಲ್ಲಿ ನಿಯಮ ಮಾತ್ರ ತಿರುಗುಮುರುಗು: 0 ಬಂದರೆ ಬದಲಾವಣೆ, 1 ಬಂದರೆ ಇಲ್ಲ. 2ಜಿ ಕರೆಗಳ ಜಿಎಸ್‌ಎಂ ವ್ಯವಸ್ಥೆಯಲ್ಲೂ ಬಿಟ್‌ಗಳನ್ನು ಮೊದಲು ಹೀಗೆಯೇ ಬದಲಿಸಿ ಕಳಿಸುತ್ತಾರೆ.

ಹಾಗಾದರೆ ತಪ್ಪೇ ಆಗದೇ?

ಆಗುತ್ತದೆ. ನಡುವೆ ಒಂದೇ ಸ್ಥಿತಿಯನ್ನು ತಪ್ಪಾಗಿ ಓದಿದರೆ ಅದರ ಹಿಂದಿನ ಮತ್ತು ಮುಂದಿನ ಎರಡೂ ಹೋಲಿಕೆಗಳು ಕೆಡುತ್ತವೆ. ಒಂದು ತಪ್ಪು ಎರಡಾಗುತ್ತದೆ. ಈ ಕೋಡಿಂಗ್ ತಲೆಕೆಳಗಾಗುವ ತೊಂದರೆಯನ್ನು ತಪ್ಪಿಸುತ್ತದೆ, ಗದ್ದಲದಿಂದ ಆಗುವ ತಪ್ಪನ್ನು ತಿದ್ದುವುದಿಲ್ಲ. ಅದಕ್ಕೆ ತಪ್ಪು ಪತ್ತೆಹಚ್ಚಿ ಮತ್ತೆ ಕಳಿಸುವ ಬೇರೆ ಏರ್ಪಾಡು ಬೇಕು. ಬ್ಲೂಟೂತ್‌ನಲ್ಲಿ ಕಳಿಸಿದ ಫೋಟೋ ದೂರ ಹೋದಂತೆ ನಿಧಾನವಾಗುವುದು, ಆದರೂ ಕೊನೆಗೆ ಸರಿಯಾಗಿಯೇ ತಲುಪುವುದು ಇದರಿಂದಲೇ.

ವಾಸ್ತವ: ಡಿಜಿಟಲ್ ಸಿಗ್ನಲ್ ತಪ್ಪುತ್ತದೆ. ಆ ತಪ್ಪು ನಮ್ಮವರೆಗೆ ಬಾರದಂತೆ ಹಲವು ಉಪಾಯಗಳು ಸೇರಿ ಕಾಯುತ್ತವೆ. ಅವುಗಳಲ್ಲಿ ಇದೂ ಒಂದು.