ದುರ್ಗದ ಬಂಡೆಯೂ ನನ್ನ ಮೊಳೆಯೂ!

ಮಿತ್ರರೇ, ಈ ವಾರ ಸ್ಟುಡಿಯೋ ಸುದ್ದಿಗೆ ರಜಾ! ಬೆಳಗಿನ ಜಾವ ಐದಕ್ಕೆ ಕಲ್ಯಾಣ ನಗರದಲ್ಲಿ ಗೆಳೆಯನ ಬೈಕ್ ಹತ್ತಿದೆ. ಹೆಬ್ಬಾಳ, ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆ. ಗುರಿ? ಸುಮಾರು 200 ಕಿಲೋಮೀಟರ್ ಆಚೆಯ ಚಿತ್ರದುರ್ಗ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ಬುಸುಗುಟ್ಟಿದ ಊರು!

ಶಿರಾದಲ್ಲಿ ಇಡ್ಲಿ, ಮಲಿಕ್ ರಿಹಾನನ ಗೋರಿಗೊಂದು ಸಲಾಮು. ಹಿರಿಯೂರಿನ ತೇರು ಮಲ್ಲೇಶ್ವರನಿಗೊಂದು ನಮಸ್ಕಾರ. ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಮರಡಿಹಳ್ಳಿಗೆ ತಿರುಗಿದೆವು. ಅಲ್ಲಿದೆ ನೋಡಿ ಅಸಲಿ ಟ್ರಿಕ್ ಸೀನು! ದಿಂಬಿನ ಮೇಲೆ ದಿಂಬು ಪೇರಿಸಿಟ್ಟ ಹಾಗೆ ಕಲ್ಲು. ಒಂದು ಕಾಲಕ್ಕೆ ಇಲ್ಲೆಲ್ಲ ನೀರು. ತಳದಿಂದ ಉಕ್ಕಿದ ಲಾವಾಕ್ಕೆ ನೀರು ತಾಕಿದ್ದೇ ತಡ, ಹೊರಮೈ ಗಟ್ಟಿಯಾಯಿತು. ಒಳಗಿನ ಬೆಂಕಿ ಸುಮ್ಮನಿರುತ್ತದೆಯೇ? ಪಕ್ಕದಲ್ಲಿ ಒಡೆದು ಮತ್ತೊಂದು ದಿಂಬಾಯಿತು. ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು! ಈಗದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಆ ಕಲ್ಲೇ ಮೇಷ್ಟ್ರು.

ದುರ್ಗದ ಬಂಡೆ ಬೇರೆ ಜಾತಿ, ಗ್ರಾನೈಟು. ಓಬವ್ವನ ಕಿಂಡಿ ಮುಂದೆ ನಿಂತಾಗ ಒನಕೆ ಹಿಡಿದ ಜಯಂತಿ ಕಣ್ಣಿಗೆ ಕಟ್ಟದಿದ್ದರೆ ಅವನು ಅಭಿಮಾನಿಯೇ ಅಲ್ಲ. ಆದರೆ ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಬೇರೆ ಕಾರಣಕ್ಕೆ. ಹೈಸ್ಕೂಲು ಪ್ರವಾಸದಲ್ಲಿ ಬಂದಾಗ, ಮೊಳೆಗೆ ಕಲ್ಲಲ್ಲಿ ಬಡಿದು ಒಂದು ಬಂಡೆ ಮೇಲೆ ‘ರಾಮಾಚಾರಿ’ ಅಂತ ಕೆತ್ತಿ, ಕೆಳಗೆ ನನ್ನ ಹೆಸರೂ ಹಾಕಿದ್ದೆ! ಗೆಳೆಯರು ಶಿಳ್ಳೆ ಹೊಡೆದಿದ್ದರು.

ಹುಡುಕಿದೆ. ಇದೆ ಸ್ವಾಮಿ, ಹಾಗೇ ಇದೆ! ಸುತ್ತ ಇನ್ನೂ ಇಪ್ಪತ್ತು ಹೆಸರು, ಎರಡು ಹೃದಯ, ಒಂದು ಬಾಣ. ನನ್ನದನ್ನು ನೋಡಿಯೇ ಉಳಿದವರು ಕೆತ್ತಿದರೋ ಏನೋ. ನಾಚಿಕೆಯಾಗಿ, ಮಣ್ಣು ಕಲಸಿ ಅಕ್ಷರಗಳಿಗೆ ಮೆತ್ತತೊಡಗಿದೆ. ಕಾವಲಿನ ಮುದುಕ ಬಂದ.

“ಬಿಡಿ ಸಾರ್, ಒಂದು ಮಳೆ ಬಂದ್ರೆ ಮತ್ತೆ ಕಾಣುತ್ತೆ. ಯಾವ ಪುಣ್ಯಾತ್ಮ ಕೆತ್ತಿದ್ನೋ...”

ಆ ಪುಣ್ಯಾತ್ಮ ನಾನೇ ಅನ್ನೋಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

ಪುಟ್ಟಣ್ಣ 1985ರಲ್ಲಿ ಹೋದರು, ವಿಷ್ಣು 2009ರಲ್ಲಿ. ಇಬ್ಬರಿಗೂ ಬಂಡೆ ಮೇಲೆ ಹೆಸರು ಕೆತ್ತುವ ದರ್ದಿರಲಿಲ್ಲ. ಆದರೂ ದುರ್ಗ ಅಂದರೆ ಇಂದಿಗೂ ಅವರೇ ನೆನಪು! ನೀವೂ ಹೋಗಿ ಬನ್ನಿ. ಶಿಳ್ಳೆ ಎಷ್ಟು ಬೇಕಾದರೂ ಹೊಡೀರಿ, ಮೊಳೆ ಮಾತ್ರ ಮನೇಲೇ ಇರಲಿ.

ಬರಲೇ?