ಎಥೆನಾಲ್ ಇಲ್ಲದ ಪೆಟ್ರೋಲಿಗೂ ಒಂದು ಪಂಪ್ ಇರಲಿ

ಮಳೆಗಾಲ ಶುರುವಾಯಿತೆಂದರೆ ಹುಬ್ಬಳ್ಳಿ-ಧಾರವಾಡದ ಬೈಕ್ ಸವಾರರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಶನಿವಾರ ಸಂಜೆಯೇ ಟ್ಯಾಂಕ್ ಫುಲ್ ಮಾಡಿಸಿಕೊಂಡು, ಭಾನುವಾರ ನಸುಕಿನಲ್ಲಿ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರು ಕೆಲವರು. ಧಾರವಾಡದಿಂದ ದಾಂಡೇಲಿಗೋ, ರಾಮನಗರದ ದಾರಿ ಹಿಡಿದು ಅನಮೋಡ ಘಟ್ಟದ ಮೂಲಕ ಗೋವಾಕ್ಕೋ ಹೋಗುವವರು ಹಲವರು. ಇವರು ನಾಲ್ಕು ಜನ ಚಹಾಕ್ಕೆ ನಿಂತರೂ ಸಾಕು, ಈಗ ಬರುವ ಮಾತು ಒಂದೇ: "ಎಥೆನಾಲ್ ಇಲ್ಲದ್ದು ಎಲ್ಲಿ ಸಿಗತೈತ್ರಿ?"

ಸಾಮಾನ್ಯ ದರಕ್ಕೆ ಎಲ್ಲೂ ಸಿಗುವುದಿಲ್ಲ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಆಗ ಅದು ಸಿಗುತ್ತಿದ್ದುದು ದೇಶದ 84 ಪಂಪುಗಳಲ್ಲಿ. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2025-26ಕ್ಕೆ ಎಳೆದುಕೊಂಡ ಮೇಲೆ ಎಲ್ಲವೂ ಬಿರುಸಾಯಿತು. ಎರಡೇ ವರ್ಷಗಳಲ್ಲಿ ಇ20 ಬಿಟ್ಟು ಬೇರೆ ಪೆಟ್ರೋಲ್ ಹುಡುಕಿದರೂ ಕಾಣದಂತಾಯಿತು. ಉಳಿದಿರುವುದು 100 ಆಕ್ಟೇನಿನ ದುಬಾರಿ ಪೆಟ್ರೋಲ್. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ ಎಕ್ಸ್‌ಪಿ100 ಈ ಬಗೆಯದು. ಅದು ಆಯ್ದ ಊರುಗಳ ಆಯ್ದ ಪಂಪುಗಳಲ್ಲಷ್ಟೇ ಸಿಗುತ್ತದೆ, ಬೆಲೆ ಸಾಮಾನ್ಯ ಪೆಟ್ರೋಲಿನ ಒಂದೂವರೆ ಪಟ್ಟು. ಕಂಪ್ರೆಷನ್ ಹೆಚ್ಚಿರುವ ರೇಸಿಂಗ್ ಇಂಜಿನ್ನಿಗೆ ಆ ಆಕ್ಟೇನ್ ಬೇಕು. 8.5ಕ್ಕೆ 1ರ ಕಂಪ್ರೆಷನ್ನಿನ ಹಳೇ ಬುಲೆಟ್ಟಿಗೆ ಅದನ್ನು ಹಾಕಿದರೆ ಆಕ್ಟೇನಿಗೆ ಕೊಟ್ಟ ದುಡ್ಡು ಪೂರ್ತಿ ದಂಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇ20 ಹಾಕಿದ ಮಾರನೇ ದಿನವೇ ಇಂಜಿನ್ ಸೀಜ್ ಆಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳನ್ನು ನಾನು ನಂಬುವುದಿಲ್ಲ. 2023ರ ಏಪ್ರಿಲ್ ನಂತರ ತಯಾರಾದ ಬೈಕುಗಳ ಪೈಪು, ವಾಷರುಗಳನ್ನು ಈ ಇಂಧನ ತಾಳುವಂತೆಯೇ ಮಾಡಿದ್ದಾರೆ. ಹೊಸ ಗಾಡಿ ಇದ್ದವರು ಎಥೆನಾಲ್ ಇಲ್ಲದ ಪೆಟ್ರೋಲಿಗಾಗಿ ಊರೂರು ಅಲೆಯುವುದು ಬೇಕಿಲ್ಲ. ನನ್ನ ಕಾಳಜಿ ಇರುವುದು ಅದಕ್ಕಿಂತ ಹಿಂದಿನ ಗಾಡಿಗಳ ಬಗ್ಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಅಲ್ಲಿ ಹುಟ್ಟಿದ ಯೆಜ್ಡಿಗಳು ಇನ್ನೂ ಓಡುತ್ತಿವೆ. ಆರ್‌ಎಕ್ಸ್ 100, ಕಾರ್ಬೊರೇಟರಿನ ಬುಲೆಟ್, ಮೊದಲ ಹಿಮಾಲಯನ್, ಇವೆಲ್ಲ ಇ20 ಎಂಬ ಹೆಸರು ಬರುವ ಮೊದಲು ಮಾಡಿದ ಗಾಡಿಗಳು.

ಹಳೇ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಅಂಥದೊಂದು ಬುಲೆಟ್ಟಿನ ಕಾರ್ಬೊರೇಟರ್ ಬಿಚ್ಚುವುದನ್ನು ಕುಳಿತು ನೋಡಿದೆ. ಮಾಲೀಕರು ಪರ ಊರಿನಲ್ಲಿದ್ದರಂತೆ, ಗಾಡಿ ತಿಂಗಳುಗಟ್ಟಲೆ ನಿಂತಿತ್ತು. ಕೆಳಗಿನ ಬಟ್ಟಲು ತೆಗೆದರೆ ತಳದಲ್ಲಿ ಬೂದಿಯಂಥ ಬಿಳಿ ಪುಡಿ, ಹಿತ್ತಾಳೆಯ ಜೆಟ್ ಮೇಲೆ ಹಸಿರು ಕಿಲುಬು. ಮೇಸ್ತ್ರಿ ಒಂದು ರಬ್ಬರ್ ರಿಂಗನ್ನು ಬೆರಳ ತುದಿಯಲ್ಲಿ ಹಿಡಿದು, ಅದು ಕೂರಬೇಕಾದ ಕಚ್ಚಿಗೆ ಒತ್ತಿದರು. ಕೂರಲಿಲ್ಲ. "ನೋಡ್ರಿ ಸರ್, ಹೆಂಗ್ ಉಬ್ಬೇತಿ. ಮೊದಲೆಲ್ಲಾ ಇದು ವರ್ಷಗಟ್ಟಲೆ ಬರ್ತಿತ್ತು," ಎಂದರು. ಅವರು ಈಗ ಹಾಕುವುದು ವಿಟಾನ್ ರಿಂಗು. ಬೆಲೆ ಹೆಚ್ಚು, ಆದರೆ ಎಥೆನಾಲಿಗೆ ಉಬ್ಬುವುದಿಲ್ಲ.

ಎಥೆನಾಲಿನ ಗುಣ ಕಣ್ಣಾರೆ ನೋಡಬೇಕೆಂದರೆ ಒಂದು ಸರಳ ಪರೀಕ್ಷೆ ಇದೆ. ಕಾಲೇಜಿನ ಲ್ಯಾಬಿನಲ್ಲಿ ಇರುತ್ತದಲ್ಲ, ಗೆರೆ ಹಾಕಿದ ಗಾಜಿನ ಅಳತೆ ಜಾಡಿ, ಅದರಲ್ಲಿ 20 ಮಿಲಿ ನೀರು, ಅದರ ಮೇಲೆ 80 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲುಗಾಡಿಸಿ ಬಿಡಬೇಕು. ಬೆಂಕಿಯ ಸುಳಿವಿಲ್ಲದ ಬಯಲಿನಲ್ಲೇ ಮಾಡಬೇಕು ಎಂಬುದನ್ನು ಮರೆಯಬಾರದು. ಬರೀ ಪೆಟ್ರೋಲಾಗಿದ್ದರೆ ನೀರು ತಳದಲ್ಲಿ 20ರ ಗೆರೆಯಲ್ಲೇ ನಿಲ್ಲುತ್ತದೆ. ಇ20 ಆಗಿದ್ದರೆ ತಳದ ಪದರ 35ರ ಹತ್ತಿರ ಏರುತ್ತದೆ. ಎಥೆನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರನ್ನು ಸೇರಿರುತ್ತದೆ. ಟ್ಯಾಂಕಿನಲ್ಲಿ ಆಗುವುದೂ ಇದೇ. ಅಲ್ಪಸ್ವಲ್ಪ ತೇವವನ್ನು ಈ ಇಂಧನ ತನ್ನೊಳಗೇ ಕರಗಿಸಿಕೊಳ್ಳುತ್ತದೆ. ಆದರೆ ಘಟ್ಟದ ಮಳೆ ಸವೆದ ಮುಚ್ಚಳದ ಸಂದಿಯಿಂದ ಇಳಿಯುತ್ತಲೇ ಇದ್ದರೆ, ಮಿತಿ ದಾಟಿದ ಗಳಿಗೆಯಲ್ಲಿ ನೀರು-ಎಥೆನಾಲ್ ಎರಡೂ ಒಟ್ಟಾಗಿ ತಳ ಸೇರುತ್ತವೆ. ಇಂಜಿನ್ನಿಗೆ ಇಂಧನ ಹೋಗುವುದೂ ಆ ತಳದಿಂದಲೇ. ಆದ್ದರಿಂದ ಹಳೇ ಗಾಡಿಯವರು ಮುಚ್ಚಳದ ರಬ್ಬರನ್ನು ಮಳೆಗೆ ಮೊದಲೇ ಬದಲಿಸಬೇಕು. ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ, ಟ್ಯಾಂಕನ್ನು ತುಂಬಿಸಿ ಇಡಬೇಕು. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯಲ್ಲೂ ತೇವ ಇರುತ್ತದೆ.

ಇನ್ನು ಮೈಲೇಜ್. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಹಳೇ ವಿನ್ಯಾಸದ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಇಳಿಯುತ್ತದೆ ಎಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಶಕ್ತಿ ಕಡಿಮೆ ಇರುವುದರಿಂದ ಬೆಲೆಯನ್ನೂ ಕಡಿಮೆ ಇಡಬೇಕೆಂದೂ ಅದೇ ವರದಿ ಹೇಳಿತ್ತು. ಮೈಲೇಜ್ ಇಳಿಯಿತು, ಬೆಲೆ ನೂರರ ಮೇಲೇ ಉಳಿಯಿತು. 2025ರಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಉತ್ತರವೆಂದರೆ, ಎಥೆನಾಲಿನ ಖರೀದಿ ದರವೇ ಸರಾಸರಿ ಲೀಟರಿಗೆ 71.32 ರೂಪಾಯಿಗೆ ಏರಿದೆ, ಅದು ಸಂಸ್ಕರಿಸಿದ ಪೆಟ್ರೋಲಿಗಿಂತ ದುಬಾರಿ. ಈ ಮಾತನ್ನು ಒಪ್ಪೋಣ. ಹಾಗಿದ್ದರೆ ದುಬಾರಿ ವಸ್ತು ಬೆರೆಸದ ಸಾಮಾನ್ಯ ಪೆಟ್ರೋಲನ್ನು ಹೆಚ್ಚಿನ ದರಕ್ಕೆ ಮಾರಲು ಯಾವ ಕಾರಣವೂ ಉಳಿಯುವುದಿಲ್ಲ.

ರೈತರ ಮಾತು ಬಂದಾಗ ನಾನು ಎಥೆನಾಲ್ ಪರವೇ. ಕಲಘಟಗಿ, ಅಳ್ನಾವರದ ಕಬ್ಬು ಹಳಿಯಾಳದ ಕಾರ್ಖಾನೆಗೆ ಹೋಗುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕುಳಿತವರ ಹೋರಾಟ ನ್ಯಾಯವಾದದ್ದು. ಎಥೆನಾಲ್ ಮಾರಾಟದಿಂದ ಬಂದ ದುಡ್ಡು ಅವರಿಗೂ ಮುಟ್ಟಬೇಕು. ಆದರೆ ಅದೇ ರೈತ ಹೊಲಕ್ಕೆ ಹೋಗುವುದು ಹಳೇ ಟಿವಿಎಸ್ ಎಕ್ಸ್‌ಎಲ್ ಮೇಲೆ. ಅವನ ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಯಂತ್ರ ಓಡುವುದು ಇದೇ ಪೆಟ್ರೋಲಿನಿಂದ. ವರ್ಷದಲ್ಲಿ ಬಹುಪಾಲು ದಿನ ಮೂಲೆಯಲ್ಲಿ ನಿಲ್ಲುವ ಯಂತ್ರಗಳವು. ಭಾನುವಾರದ ಸವಾರನಿಗಿಂತ ಹೆಚ್ಚಾಗಿ ಶುದ್ಧ ಪೆಟ್ರೋಲ್ ಬೇಕಾಗಿರುವುದು ಅವನಿಗೆ. ಇವರೆಲ್ಲರ ಪಾಲನ್ನು ಕೂಡಿಸಿದರೂ ದೇಶದ ಪೆಟ್ರೋಲ್ ಮಾರಾಟದಲ್ಲಿ ಅದು ಚಿಕ್ಕ ಭಾಗ. ಅಷ್ಟು ಬಿಟ್ಟುಕೊಟ್ಟರೆ ಕಬ್ಬು, ಗೋವಿನಜೋಳದ ಬೇಡಿಕೆ ಕುಸಿಯುವುದಿಲ್ಲ.

ಬ್ರಿಟನ್ 2021ರ ಸೆಪ್ಟೆಂಬರಿನಲ್ಲಿ ಶೇ 10ರ ಮಿಶ್ರಣಕ್ಕೆ ಹೋದಾಗ, ಹಳೇ ವಾಹನಗಳಿಗೆಂದೇ ಶೇ 5ರದ್ದನ್ನೂ ಉಳಿಸಿಕೊಂಡಿತು. ಯಾವ ಪಂಪಿನಲ್ಲಿ ಯಾವುದು ಎಂದು ಅಲ್ಲಿ ಚೀಟಿ ಅಂಟಿಸಿರುತ್ತಾರೆ. ನಮ್ಮಲ್ಲಿ ಇಂಥ ಆಯ್ಕೆ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕೋರ್ಟಿನ ದಾರಿ ಮುಚ್ಚಿದ ಮೇಲೆ ಸರ್ಕಾರವನ್ನೇ ಕೇಳಬೇಕು, ಕೇಳುವುದಕ್ಕೆ ನಾವು ದೂರ ಹೋಗಬೇಕಿಲ್ಲ. ಆಹಾರ ಹಾಗೂ ಗ್ರಾಹಕ ವ್ಯವಹಾರಗಳ ಖಾತೆ 2024ರಿಂದ ನಮ್ಮ ಧಾರವಾಡ ಕ್ಷೇತ್ರದ ಸಂಸದ ಪ್ರಲ್ಹಾದ ಜೋಶಿಯವರ ಬಳಿ ಇದೆ. ಸಕ್ಕರೆಯೂ ಅದರಡಿ ಬರುತ್ತದೆ, ಗ್ರಾಹಕನ ಹಕ್ಕೂ ಅದರಡಿ ಬರುತ್ತದೆ. ಅವಳಿ ನಗರದ ಬೈಕ್ ಸವಾರರು, ಗ್ಯಾರೇಜಿನವರು, ರೈತ ಸಂಘದವರು ಒಟ್ಟಾಗಿ ಹೋಗಿ ಎರಡು ಬೇಡಿಕೆ ಇಡಬೇಕು. ಪ್ರತಿ ಪಂಪಿನ ಮೇಲೆ ಎಥೆನಾಲ್ ಶೇಕಡಾ ಎಷ್ಟು ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಹುಬ್ಬಳ್ಳಿ, ಧಾರವಾಡ ಮತ್ತು ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದೊಂದು ಕಡೆಯಾದರೂ ಎಥೆನಾಲ್ ಬೆರೆಸದ ಸಾಮಾನ್ಯ ಆಕ್ಟೇನಿನ ಪೆಟ್ರೋಲ್, ಇ20ರ ದರಕ್ಕೇ ಸಿಗಬೇಕು.